ಮಾತು ಬಂದರೆ ಎದ್ದು ನಿಲ್ಲಬೇಕು

ನಮ್ಮ ಮಾಮಾ ಊರಿನವರಿಗೆಲ್ಲ ಸುಮ್ಮನೆ ಕೂಡುವುದನ್ನು ಕಲಿಸಲು ಹೊರಟಿದ್ದ ಎಂದರೆ ಗಂಗಾವತಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನೀವೂ ನಂಬಬೇಡಿ, ನನಗೇನೂ ಬೇಜಾರಿಲ್ಲ! ನನ್ನ ತಾಯಿಯ ತಮ್ಮನಾದ ಈ ಮಹಾಶಯ ಹಲ್ಲುಜ್ಜುವಾಗ ಮಾತಾಡುವವನು, ನಿದ್ದೆಯಲ್ಲಿ ಮಾತಾಡುವವನು. ಹಲ್ಲಿನ ಡಾಕ್ಟರು ಬಾಯೊಳಗೆ ಎರಡೂ ಕೈ ಇಟ್ಟಿದ್ದಾಗ ಅವರಿಗೆ ಸೋನಾ ಮಸೂರಿಯ ಧಾರಣೆ ವಿವರಿಸಲು ಹೋಗಿ ಅವರ ಬೆರಳು ಕಚ್ಚಿಬಂದವನು.

ಅವನದು ರೈಸ್ ಮಿಲ್ಲಿನ ಸಾಮಾನಿನ ಅಂಗಡಿ. ಬೆಲ್ಟು, ಬೇರಿಂಗು, ರಬ್ಬರ್ ರೋಲು, ಜರಡಿ. ಸಿದ್ದಾಪುರದಿಂದ ಒಂದು ಬೇರಿಂಗಿಗೆ ಬಂದವನು ಬೇರಿಂಗು ಹುಟ್ಟಿದ ಕಥೆ, ಅದನ್ನು ಹಾಕಿದ ಮಿಲ್ಲಿನ ಕಥೆ, ಆ ಮಿಲ್ಲಿನ ಮಾಲೀಕನ ಬೀಗರ ಕಥೆ ಎಲ್ಲ ಕೇಳಿ ಬಸ್ಸು ತಪ್ಪಿಸಿಕೊಂಡು, ನಮ್ಮ ಮನೆಯಲ್ಲೇ ಉಂಡು ಹೋಗಬೇಕು. "ಅಂವನ ಅಂಗಡಿಗೆ ಹೋಗೂದಾದ್ರ ಬುತ್ತಿ ಕಟ್ಟಿಕೊಂಡು ಹೋಗ್ರಿ" ಎಂದು ಮಿಲ್ಲಿನವರು ತಮ್ಮ ಆಳುಗಳಿಗೆ ಹೇಳಿ ಕಳಿಸುತ್ತಿದ್ದರು.

ಇಷ್ಟು ಮಾತಾಡುವವನು ಒಂದು ಮಾತು ಮಾತ್ರ ಎತ್ತುತ್ತಿರಲಿಲ್ಲ. ಅದು ಗೌರಿಯ ಮಾತು.

ಗೌರಿ ಅವನ ಒಬ್ಬಳೇ ಮಗಳು. ಐದನೆಯ ತರಗತಿಯಲ್ಲಿದ್ದಾಗ ಜ್ವರ ಬಂತು. ಊರಿನ ಡಾಕ್ಟರು ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಮಾಮಾ ಕಾರು ನಡೆಸಿದ. ಅವನ ಹೆಂಡತಿ, ನಮ್ಮ ಅತ್ತಿ, ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಗದಗ ಬರುವ ಮೊದಲೇ ಹುಡುಗಿ ಹೋಗಿಬಿಟ್ಟಿತು. ಅಂದಿನಿಂದ ಆ ಮನೆಯಲ್ಲಿ ಗಂಡ ಹೆಂಡತಿ ಒಬ್ಬರ ಮುಂದೆ ಒಬ್ಬರು ಆ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಮಾಮಾ ಮೊದಲಿಗಿಂತ ಹೆಚ್ಚು ಮಾತಾಡತೊಡಗಿದ. ಸುಮ್ಮನಾದರೆ ಎಲ್ಲಿ ಆ ಮಾತು ಬಂದುಬಿಡುತ್ತದೋ ಎಂಬಂತೆ ಅಂಗಡಿಯಲ್ಲಿ, ಬೀದಿಯಲ್ಲಿ, ಮದುವೆಮನೆಯಲ್ಲಿ ಹರಟಿದ. ಅತ್ತಿ ಅಡುಗೆಮನೆಯಲ್ಲಿ ಉಳಿದಳು. ನೋಡುವವರಿಗೆ ಸಂಕಟವಾಗುತ್ತಿತ್ತು, ಆದರೆ ನೋಡುವವರಿಗೆ ಏನು ಮಾಡಲು ಬರುತ್ತದೆ?

ಇಂಥವನು ಒಮ್ಮೆ ಯಾವುದೋ ಯಂತ್ರ ನೋಡಿಬರುತ್ತೇನೆಂದು ಮಧ್ಯಪ್ರದೇಶದ ಕಡೆ ಹೋದ. ಯಂತ್ರ ನೋಡಿದನೋ ಬಿಟ್ಟನೋ, ಅಲ್ಲಿ ಮೈ ಸುಡುವ ಜ್ವರ ಹತ್ತಿ ಮಲಗಿದ. ಲಾಡ್ಜಿನವನು ಹೆದರಿ ಪಕ್ಕದ ಮನೆಯ ಮುದುಕ ಮುದುಕಿಯ ಕೈಗೆ ಒಪ್ಪಿಸಿದ. ಮುದುಕ ರೈಲ್ವೆಯಲ್ಲಿದ್ದು ನಿವೃತ್ತನಾದವನು, ಮುದುಕಿ ನರ್ಸಾಗಿದ್ದವಳು. ಅವರು ಕ್ವೇಕರರು. ಹೌದು, ನಾನೂ ಮೊದಲ ಸಲ ಕೇಳಿದಾಗ ಹೀಗೇ ಹುಬ್ಬು ಏರಿಸಿದ್ದೆ! ಕ್ರಿಸ್ತನನ್ನು ನಂಬುವವರೇ, ಆದರೆ ಅವರ ಪ್ರಾರ್ಥನೆಯಲ್ಲಿ ಪಾದ್ರಿ ಇಲ್ಲ, ಹಾಡಿಲ್ಲ, ಗಂಟೆಯಿಲ್ಲ, ಮೇಣದಬತ್ತಿಯೂ ಇಲ್ಲ. ಭಾನುವಾರ ಸುತ್ತಲೂ ಕುರ್ಚಿ ಹಾಕಿಕೊಂಡು ಒಂದು ತಾಸು ಸುಮ್ಮನೆ ಕೂಡುತ್ತಾರೆ. ಪ್ರತಿಯೊಬ್ಬರ ಒಳಗೂ ಒಂದು ಬೆಳಕಿದೆ, ಅದು ನುಡಿಸಿದರೆ ಮಾತ್ರ ನುಡಿಯಬೇಕು. ಮಾತು ಬಂದವರು ಎದ್ದು ನಿಂತು ಹೇಳಿ ಕೂಡುತ್ತಾರೆ. ಬಾರದಿದ್ದರೆ ಇಲ್ಲ. ಕೊನೆಗೆ ಕೈಕುಲುಕಿ ಚಹಾ ಕುಡಿಯುತ್ತಾರೆ. ಹಿಂದಿನ ಕಾಲದಲ್ಲಿ ಹಾಗೆ ಮಾತು ಬಂದಾಗ ಮೈಯೆಲ್ಲ ನಡುಗುತ್ತಿತ್ತಂತೆ. ಅದಕ್ಕೆ ನಡುಗುವವರು ಎಂಬ ಅರ್ಥದಲ್ಲಿ ಜನ ಆ ಅಡ್ಡಹೆಸರು ಇಟ್ಟರಂತೆ.

ಜ್ವರ ಇಳಿದ ಮೊದಲ ಭಾನುವಾರ ಮಾಮಾ ಅವರ ಜೊತೆ ಕೂತ. ಅರ್ಧ ತಾಸಾದ ಮೇಲೆ ಮುದುಕಿ ಎದ್ದು, "ಈ ಮನೆಗೆ ಬಂದವನು ಒಬ್ಬನೇ ಬಂದಿಲ್ಲ, ಒಂದು ಮಗುವನ್ನೂ ಹೊತ್ತುಕೊಂಡು ಬಂದಿದ್ದಾನೆ" ಎಂದು ಹಿಂದಿಯಲ್ಲಿ ಹೇಳಿ ಕೂತರಂತೆ. ಜ್ವರದಲ್ಲಿ ಇವನೇ ಬಡಬಡಿಸಿರಬೇಕು ಎಂಬುದು ನನ್ನ ಲೆಕ್ಕ. ಮಾಮಾ ಒಪ್ಪಲಿಲ್ಲ.

"ಮಣ್ಣಿಗೆ ಬಂದವರೆಲ್ಲಾ 'ಸಮಾಧಾನ ಮಾಡ್ಕೋ' ಅಂದ್ರು, 'ದೇವರ ಇಚ್ಛಾ' ಅಂದ್ರು, 'ಇನ್ನೊಂದು ಆಗ್ತೈತಿ ಬಿಡು' ಅಂದ್ರು. ಅಲ್ಲೆ ಯಾರೂ ಹಂಗ ಅನ್ಲಿಲ್ಲ. ಸುಮ್ಮನ ನನ್ನ ಜೋಡಿ ಕುಂತ್ರು" ಎಂದ. ನಾನೂ ಸಮಾಧಾನ ಮಾಡಿಕೋ ಎಂದವರ ಪೈಕಿಯೇ.

ಊರಿಗೆ ಬಂದವನೇ ಅಂಗಡಿಯ ಮೇಲಿನ ಮಹಡಿ ಖಾಲಿ ಮಾಡಿಸಿ, ಪ್ಲಾಸ್ಟಿಕ್ ಕುರ್ಚಿ ತಂದು ಸುತ್ತಲೂ ಹಾಕಿದ. ಆಗಿನ್ನೂ ನಮ್ಮಜ್ಜಿ ಗಟ್ಟಿಯಾಗಿದ್ದಳು. ಕೋಲು ಕುಟ್ಟುತ್ತ ಬಂದಳು.

"ಏನಪಾ, ಕಿರಿಸ್ತಾನ ಆದ್ಯಂತ?"

"ಇಲ್ಲವ್ವಾ. ಸುಮ್ಮನ ಕುಂದರೂದು ಅಷ್ಟ."

"ಸುಮ್ಮನ ಕುಂದರಾಕ ಅಷ್ಟು ದೂರ ಹೋಗಿ ಕಲ್ತು ಬರಬೇಕೇನು? ನಮ್ಮ ಮನಿ ಎಮ್ಮಿ ಕಲಿಸ್ತಿತ್ತಲ್ಲ!"

"ಯವ್ವಾ, ಕೊರಳಾಗ ಲಿಂಗ ಐತಿ, ಹಣಿಮ್ಯಾಲೆ ವಿಭೂತಿ ಐತಿ. ಏನೂ ಬಿಟ್ಟಿಲ್ಲ ನಾ."

"ನೀ ಬಿಡದಿದ್ರೂ ಮಂದಿ ಬಿಡ್ತಾರೇನು? ನಮಗ ಮಾತು ಬರ್ತಾವು, ಹೇಳ್ತೀನಿ ನೋಡು!"

ಮಾಮಾನ ಮುಖ ಅರಳಿತು. "ಬರಲೆವ್ವಾ! ಅದಕ್ಕಂತಲೇ ಕುಂದರಾಕತ್ತೀವಿ!"

ಅಜ್ಜಿ ಹೇಳಿದ್ದು ಊರಿನವರ ನಿಂದೆಯ ಮಾತು, ಇವನಿಗೆ ಕೇಳಿಸಿದ್ದು ದೇವರ ಮಾತು. ಅಜ್ಜಿ ಕೋಲು ಎತ್ತಿದ್ದು ನನಗೆ ನೆನಪಿದೆ, ಹೊಡೆದದ್ದು ನೆನಪಿಲ್ಲ.

ಅಜ್ಜಿಯ ಮಾತೇ ನಿಜವಾಯಿತು. ಬಜಾರಿನಲ್ಲಿ ಕ್ವೇಕರ್ ಎಂಬುದು ಕ್ವಾಕರ ಆಯಿತು, ಕ್ವಾಕರ ಹೋಗಿ ಕ್ವಾಕ್ ಕ್ವಾಕ್ ಆಯಿತು. ಸುಗ್ಗಿ ಮುಗಿದ ಗದ್ದೆಗಳಿಗೆ ಆಂಧ್ರದವರು ಬಾತುಕೋಳಿ ಮೇಯಿಸಲು ತರುತ್ತಾರಲ್ಲ, ಅದರ ಹಿಂಡು ಕಂಡಾಗಲೆಲ್ಲ ಅಂಗಡಿಯವರು ಮಾಮಾನನ್ನು ಕೂಗಿ, "ಏ, ನಿಮ್ಮ ಮಂದಿ ಬಂದಾರ ನೋಡ್ರಿ!" ಎನ್ನುತ್ತಿದ್ದರು.

ನನ್ನನ್ನು ಯಾಕೆ ಎಳೆದ ಎನ್ನುತ್ತೀರಾ? ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ವಾರವಿಡೀ "ಸೈಲೆನ್ಸ್!" ಎಂದು ಗಂಟಲು ಹರಿದುಕೊಳ್ಳುವುದೇ ನನ್ನ ಉದ್ಯೋಗ. "ನಿನಗ ಅನುಭವ ಐತಿ, ಬಾ" ಎಂದ. ಬಟ್ಟೆ ಒಗೆಯುವ ಭಾನುವಾರವನ್ನು ಬಿಟ್ಟು ಹೋದೆ. ಹೋಗದಿದ್ದರೆ ಅವನೊಬ್ಬನೇ ಅಷ್ಟು ಕುರ್ಚಿಗಳ ನಡುವೆ ಕೂತಿರುತ್ತಾನಲ್ಲ ಎಂಬ ಸಂಕಟ. ನನ್ನ ಭಕ್ತಿ ಅಷ್ಟೇ.

ಮೊದಲ ಭಾನುವಾರದ ಪ್ರಸಂಗ ಹೇಳಿಬಿಡುತ್ತೇನೆ. ಕೆಳಗೆ ಅಂಗಡಿಯ ಬಾಗಿಲಿಗೆ ಮಾಮಾ ಒಂದು ಬೋರ್ಡು ತೂಗುಹಾಕಿದ್ದ: "ಮೌನ ಸಭೆ. ಸರ್ವರಿಗೂ ಸ್ವಾಗತ." ನಮ್ಮ ಕಡೆ ಜನ ಕೂಡಿ ಮೌನ ಆಚರಿಸುವುದು ಯಾವಾಗ? ಯಾರಾದರೂ ಸತ್ತಾಗ! ಅಂಗಡಿಯ ಮೇಲೆ ಮೌನ ಸಭೆ ಎಂದರೆ ಅಂಗಡಿಯವನೇ ಹೋಗಿರಬೇಕು ಎಂದು ಸುದ್ದಿ ಮಿಲ್ಲಿನಿಂದ ಮಿಲ್ಲಿಗೆ ಹಬ್ಬಿತು. ಮಹಡಿ ತುಂಬಿಹೋಯಿತು. ಮಾಮಾ ಕಣ್ಣು ಮುಚ್ಚಿ ಕೂತಿದ್ದ. ಇಷ್ಟು ಜನ ಬಂದದ್ದಕ್ಕೆ ಅವನ ರೆಪ್ಪೆಯ ಅಂಚಿನಲ್ಲಿ ನೀರು. ಕಾರಟಗಿ ಕಡೆಯ ಮಿಲ್ಲಿನ ಮಾಲೀಕರೊಬ್ಬರು ದೊಡ್ಡ ಹೂವಿನ ಹಾರ ಹಿಡಿದು ಏರಿಬಂದರು. ಫೋಟೋ ಎಲ್ಲಿದೆ ಎಂದು ಸುತ್ತ ನೋಡಿದರು. ಫೋಟೋ ಇಲ್ಲ. ಎದುರಿಗೆ ಕುರ್ಚಿಯಲ್ಲಿ ಸತ್ತವನೇ ಕೂತಿದ್ದಾನೆ!

"ಅಯ್ಯ ಇವನ! ನೀನ ಜೀವಂತ ಅದಿಯಲ್ಲೋ! ಮತ್ತ ಹೋದವರು ಯಾರು?"

"ಯಾರೂ ಹೋಗಿಲ್ರಿ. ಕುಂದರ್ರಿ."

"ಯಾರೂ ಹೋಗದ ಮ್ಯಾಲೆ ಎದಕ್ಕ ಕುಂದರೂದು?" ಎಂದು ಅವರು ಸಿಟ್ಟಿನಿಂದ ಹಾರವನ್ನು ಕುರ್ಚಿಯ ಮೇಲೆ ಒಗೆದು ಇಳಿದುಹೋದರು. ಅವರ ಹಿಂದೆ ಎಲ್ಲರೂ ಇಳಿದರು. ಮಾಮಾ ಹಾರವನ್ನು ನೋಡುತ್ತ ತಾಸು ಮುಗಿಯುವವರೆಗೂ ಕೂತಿದ್ದ. ನಾನೂ ಕೂತಿದ್ದೆ. ಫ್ಯಾನು ಕಿರುಗುಟ್ಟುವುದನ್ನು ಬಿಟ್ಟರೆ ನನಗೆ ಬೇರೇನೂ ಕೇಳಿಸಲಿಲ್ಲ.

ಮರುವಾರ ಬೋರ್ಡು ಬದಲಾಯಿತು. "ಒಳಗಿನ ಹೇಳಿಕೆ ಬಂದವರು ಎದ್ದು ಹೇಳಬಹುದು" ಎಂದು ಬರೆಸಿದ. ಮಾಮಾ, ನಿನ್ನ ತಲೆಗೆ ಏನಾಗಿದೆ ಎಂದು ನಾನು ಬಡಕೊಂಡೆ. ಹುಲಿಗಿಯ ಅಮ್ಮನ ಗುಡಿ ಇಷ್ಟು ಸಮೀಪ ಇರುವಾಗ ಹೇಳಿಕೆ ಎಂದರೆ ಜನ ಏನೆಂದು ತಿಳಿಯುತ್ತಾರೆ? ಅಮ್ಮ ಮೈಮೇಲೆ ಬಂದು ನುಡಿಯುವುದು! ಆ ಭಾನುವಾರ ನಾಲ್ಕಾರು ಹೆಂಗಸರು ಬಂದು ಕೂತರು. ಒಬ್ಬಾಕೆಗೆ ಮಹಡಿ ಮೆಟ್ಟಿಲು ಹತ್ತಿ ಸುಸ್ತಾಗಿತ್ತು, ಬೆಳಗಿನಿಂದ ಉಪವಾಸ ಬೇರೆ. ಕೂತಲ್ಲೇ ಕೈಕಾಲು ನಡುಗತೊಡಗಿದವು. ನಡುಕ ಕಂಡಿದ್ದೇ ತಡ, ಮಾಮಾ ರೋಮಾಂಚನಗೊಂಡು ನನ್ನ ಮೊಣಕೈ ತಿವಿದ. ಉಳಿದ ಹೆಂಗಸರು ಆಗಲೇ ಅರಿಶಿನದ ಪೊಟ್ಟಣ ಬಿಚ್ಚಿ ಆಕೆಯ ಹಣೆಗೆ ಬಳಿದು, ಕಾಲಿಗೆ ಬಿದ್ದಿದ್ದರು.

"ಯವ್ವಾ ತಾಯಿ, ನನ್ನ ಮಗಳ ಲಗ್ನ ಯಾವಾಗ ಆಗ್ತೈತಿ? ಹೇಳವ್ವಾ!"

ಆಕೆ ಕಣ್ಣು ತೆರೆದು, "ಒಂದೀಟು ಚಾ ಕೊಡ್ರಿ" ಎಂದಳು. ಮುಂಗಾರಿನ ಒಳಗೆ ಲಗ್ನವಾಗುತ್ತದೆ ಎಂದು ಅದಕ್ಕೆ ಅರ್ಥ ಹಚ್ಚಿಕೊಂಡು ಅವರು ಸಂತೋಷದಿಂದ ಹೋದರು. ಲಗ್ನ ಆಯಿತೆಂದೂ ಆಮೇಲೆ ಕೇಳಿದೆ!

ಮಾಮಾ ಪಾಪ, ಎಲ್ಲರಿಗೂ ತಾಳ್ಮೆಯಿಂದ ತಿಳಿಸಿ ಹೇಳುವವನು. "ನೋಡ್ರಿ, ನಾಲಿಗಿ ತುರಿಸಿದಾಗ ಬರೂ ಮಾತು ಬ್ಯಾರೆ, ಒಳಗಿಂದ ಬರೂ ಮಾತು ಬ್ಯಾರೆ. ತಡಕೊಂಡು ನೋಡ್ರಿ. ತಡದಷ್ಟೂ ಹೋತಂದ್ರ ಅದು ತುರಿಕಿ. ತಡದಷ್ಟೂ ಎದಿ ಬಡಕೊಂತಂದ್ರ ಅದು ಮಾತು." ಇದನ್ನು ಕೇಳಿ ತಲೆದೂಗಿದ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಪ್ರತಿ ಭಾನುವಾರವೂ ಎದೆ ಬಡಿದುಕೊಳ್ಳತೊಡಗಿತು. ಎದ್ದು ನಿಂತರೆಂದರೆ ಅವರ ಕಾಲದ ಶಿಸ್ತು, ಈಗಿನವರ ಅಶಿಸ್ತು, ಸೊಸೆಯ ಅಡುಗೆ, ಎಲ್ಲ ಮುಗಿಯಬೇಕು. ಕ್ವೇಕರರಲ್ಲಿ ಯಾರನ್ನೂ ಕೂಡಿಸುವಂತಿಲ್ಲವಂತೆ. ಯಾರ ಬಾಯಲ್ಲಿ ಯಾರು ನುಡಿಯುತ್ತಿದ್ದಾರೋ ಹೇಗೆ ಗೊತ್ತು? ಸೊಸೆಯ ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದು ದೇವರೇ ನುಡಿಸುತ್ತಿದ್ದಾನೋ ಏನೋ! ಕೊನೆಗೆ ಆ ಸೊಸೆಯೇ ಬಂದು, ಎದ್ದು ನಿಂತು, "ಉಪ್ಪು ಹಾಕಿದವರು ನಿಮ್ಮ ಹೆಂಡ್ತೇರಿ" ಎಂದು ಹೇಳಿ ಕೂತಳು. ಅಂಥ ತೂಕದ ಮಾತು ಆ ಮಹಡಿಯಲ್ಲಿ ಅದೇ ಮೊದಲು. ಹೆಡ್‌ಮಾಸ್ತರರು ಮತ್ತೆ ಬರಲಿಲ್ಲ.

ಮಂದಿ ನಿಲ್ಲಲಿ ಎಂದು ಮಾಮಾ ಕೊನೆಯಲ್ಲಿ ಚಹಾದ ಬದಲು ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಕೊಡಲು ಹಚ್ಚಿದ. ಮಂದಿ ನಿಂತರು. ಸರಿಯಾಗಿ ತಾಸು ಮುಗಿಯುವ ಹೊತ್ತಿಗೆ ಬಂದು ನಿಂತರು! ಕೈಕುಲುಕುವುದು ಎಂದರೆ ತಿನ್ನುವುದಕ್ಕೆ ಅಪ್ಪಣೆ ಎಂದು ತಿಳಿದು ಮೆಟ್ಟಿಲ ಮೇಲೆಯೇ ಒಬ್ಬರ ಕೈ ಒಬ್ಬರು ಕುಲುಕಿ ಒಳಗೆ ಬರುತ್ತಿದ್ದರು. ಅತ್ತಿ ಮಿರ್ಚಿ ಕರಿದು ಕರಿದು ಕೈ ಸುಟ್ಟುಕೊಂಡಳು. "ಸುಮ್ಮನ ಕುಂದರಾಕೂ ಮಿರ್ಚಿ ಬೇಕೇನ್ರಿ ಈ ಮಂದಿಗೆ?" ಎಂದು ಒಲೆ ಆರಿಸಿದಳು. ಅಲ್ಲಿಗೆ ಮಂದಿಯೂ ಮುಗಿದರು. ವಾಟ್ಸಾಪಿನಲ್ಲಿ "ಮೌನ" ಎಂಬ ಗುಂಪು ಮಾತ್ರ ಉಳಿಯಿತು. ಅದರಲ್ಲಿ ಬೆಳಗಾದರೆ ಶುಭೋದಯ, ಗುಲಾಬಿ ಹೂವು, ಪ್ಲಾಟು ಮಾರಾಟಕ್ಕಿದೆ. ಮೌನದ ಸದ್ದು ತಾಳಲಾರದೆ ನಾನು ಫೋನಿನ ಸದ್ದು ಅಡಗಿಸಿದೆ.

ತಪ್ಪದೆ ಬರುತ್ತಿದ್ದವನು ಒಬ್ಬನೇ. ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಮುಗಿಸಿ ಬಂದು, ಮೂಲೆಯ ಕುರ್ಚಿಯಲ್ಲಿ ಕೂತು, ತಕ್ಷಣ ಗೊರಕೆ ಹೊಡೆಯತೊಡಗುತ್ತಿದ್ದ. ಏಳಿಸು ಎಂದರೆ ಮಾಮಾ ಬೇಡ ಎನ್ನುತ್ತಿದ್ದ. ಒಮ್ಮೆ ನಾನೇ ಕೇಳಿದೆ, ಇಲ್ಲಿಗೆ ಯಾಕೆ ಬರುತ್ತಿ ತಮ್ಮಾ ಎಂದು.

"ಅಲ್ಲೆ ಮಷೀನಿನ ಸಪ್ಪಳರಿ ಅಕ್ಕಾರ. ಮನ್ಯಾಗ ಟೀವಿ, ಹುಡುಗ್ರು. ಇಲ್ಲೊಂದ ನೋಡ್ರಿ ನನ್ನ ಕಿವಿಗೆ ರಜಾ."

"ನಮ್ಮೊಳಗ ಖರೇ ಕ್ವೇಕರ್ ಅಂದ್ರ ಇವನ" ಎಂದ ಮಾಮಾ. ನನಗೆ ನಗು ಬಂತು. ಮಾಮಾ ನಗಲಿಲ್ಲ.

ಅವನು ಆಗ ನಗುವುದನ್ನೇ ಬಿಟ್ಟಿದ್ದ. ಯಾಕೆಂದು ನನಗೆ ತಡವಾಗಿ ತಿಳಿಯಿತು. ಆ ಮಹಡಿಯಲ್ಲಿ ಹೆಡ್‌ಮಾಸ್ತರರಿಗೆ ಮಾತು ಬಂತು, ಸೊಸೆಗೆ ಬಂತು, ಉಪವಾಸದ ಹೆಂಗಸಿಗೂ ಬಂತು. ಮಾಮಾನಿಗೆ ಬರಲಿಲ್ಲ. ಒಂದು ಸಲವೂ ಬರಲಿಲ್ಲ! ಕೆಳಗೆ ಅಂಗಡಿಯಲ್ಲಿ ಹೊಳೆಯಂತೆ ಹರಿಯುವ ನಾಲಿಗೆ ಮೆಟ್ಟಿಲು ಹತ್ತಿದೊಡನೆ ಕಲ್ಲಾಗುತ್ತಿತ್ತು. ಹಲ್ಲು ಕಚ್ಚಿ, ಕುರ್ಚಿಯ ಕೈ ಹಿಡಿದು ಕೂತಿರುತ್ತಿದ್ದ. ಒಮ್ಮೆ ತಟ್ಟನೆ ಎದ್ದು ನಿಂತ. ಬಂತು ಎಂದುಕೊಂಡು ನಾನು ಉಸಿರು ಹಿಡಿದೆ. "ಕಾಲಿಗೆ ಜೋಮು" ಎಂದು ಕೂತ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆವತ್ತು ಮೆಟ್ಟಿಲು ಇಳಿಯುವಾಗ ಅರ್ಧದಲ್ಲಿ ನಿಂತುಬಿಟ್ಟ.

"ಎಲ್ಲಾರ ಒಳಗ ಒಂದು ಬೆಳಕು ಐತಿ ಅಂತಾರ. ನನ್ನೊಳಗ ಫ್ಯೂಜ್ ಹೋಗೇತೇನಬೇ ಹುಡುಗಿ?"

"ಹಂಗ್ಯಾಕ ಅಂತಿ ಮಾಮಾ?"

"ನಿಮ್ಮ ಅತ್ತಿಗೆ ನಾ ಒಂದು ಮಾತು ಹೇಳೂದೈತಿ. ಗೌರಿದು." ಆ ಹೆಸರು ಅವನ ಬಾಯಲ್ಲಿ ಕೇಳಿ ನಾನು ಮೆಟ್ಟಿಲ ಕಟಾಂಜನ ಹಿಡಿದುಕೊಂಡೆ. "ದಿನಾ ಹೇಳಬೇಕಂತೀನಿ. ಬಾಯಿ ತಗದ್ರ ಬೆಲ್ಟಿನ ಮಾತು ಬರ್ತೈತಿ, ಬೇರಿಂಗಿನ ಮಾತು ಬರ್ತೈತಿ, ಅದೊಂದು ಬರವಲ್ದು. ಅದು ತಾನ ಬರ್ತೈತಿ ಅಂತ ಇಷ್ಟು ದಿನ ಮ್ಯಾಲೆ ಕುಂತೆ. ದೇವರಿಗೂ ನನ್ನ ಬಾಯಿ ಬ್ಯಾಡಾಗೇತಿ. ಅದನ್ನ ಹೇಳದ ಸತ್ರ ನಾ ಹೆಂಗ ಸಾಯ್ಲಿ?"

ನಿಜ ಹೇಳುತ್ತೇನೆ, ಆ ಮಹಡಿಯಲ್ಲಿ ದೇವರೂ ಇಲ್ಲ, ಬೆಳಕೂ ಇಲ್ಲ, ಒಬ್ಬ ಹುಚ್ಚ, ಒಬ್ಬ ನಿದ್ದೆಗಣ್ಣಿನವ, ಒಬ್ಬ ಮೇಷ್ಟ್ರಮ್ಮ ಬಿಟ್ಟರೆ ಯಾರೂ ಇಲ್ಲ ಎಂದೇ ನನಗೆ ಅನ್ನಿಸಿತ್ತು. ಅದನ್ನು ಅವನಿಗೆ ಹೇಗೆ ಹೇಳಲಿ?

ಮಾಮಾ ಮಧ್ಯಪ್ರದೇಶದ ಆ ಮುದುಕಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ನಾನೂ ಕೇಳಿದೆ. ಇಲ್ಲಿ ಯಾರೂ ಬರುತ್ತಿಲ್ಲ ದೀದಿ, ಮೂವರೇ ಇದ್ದೇವೆ, ಅದರಲ್ಲಿ ಒಬ್ಬನಿಗೆ ನಿದ್ದೆ, ಮುಚ್ಚಿಬಿಡಲೇ ಎಂದು ಮುರುಕು ಹಿಂದಿಯಲ್ಲಿ ಕೇಳಿದ. ಮುದುಕಿ ಬಹಳ ಹೊತ್ತು ಮಾತಾಡಲಿಲ್ಲ. ಫೋನಿನಲ್ಲೂ ಮೌನ ಸಭೆಯೇ! ಆಮೇಲೆ ಹೇಳಿದರು, ಮುದುಕ ತೀರಿಹೋದ, ಬೇರೆಯವರು ಮಕ್ಕಳ ಊರಿಗೆ ಹೋದರು, ಈಗ ಭಾನುವಾರ ಕೂಡುವವಳು ನಾನೊಬ್ಬಳೇ ಎಂದು.

"ನಿಮಗೆ ಮಾತು ಬರುತ್ತದೆಯೇ ದೀದಿ?" ಎಂದು ಮಾಮಾ ಆಸೆಯಿಂದ ಕೇಳಿದ.

"ಇಲ್ಲ ಬೇಟಾ. ಬಹಳ ದಿನವಾಯಿತು" ಎಂದರು ಮುದುಕಿ.

ಮಾಮಾ ಫೋನು ಕೆಳಗಿಟ್ಟು ಮುಖ ಮುಚ್ಚಿಕೊಂಡ. ಮರುದಿನವೇ ಮಹಡಿಯನ್ನು ಟ್ಯೂಷನ್ ಕ್ಲಾಸಿನವರಿಗೆ ಬಾಡಿಗೆಗೆ ಮಾತಾಡಿದ. ಇಂಗ್ಲಿಷ್ ಗಟ್ಟಿಯಾಗಿ ಮಾತಾಡುವುದನ್ನು ಕಲಿಸುವ ಕ್ಲಾಸು! ಬರುವ ಭಾನುವಾರವೇ ಕೊನೆಯದು ಎಂದ. ಅಬ್ಬಾ, ಇನ್ನು ಬಟ್ಟೆ ಒಗೆಯಬಹುದು ಎಂದು ನಾನು ಅಂದುಕೊಳ್ಳಬೇಕಿತ್ತು. ಅಂದುಕೊಳ್ಳಲಿಲ್ಲ. ಯಾರೋ ಸತ್ತಂತೆಯೇ ಆಗಿತ್ತು.

ಆ ಕೊನೆಯ ಭಾನುವಾರ ನಾವು ಮೂವರು ಕೂತಿದ್ದೆವು. ಗಿಣಿಗೇರಾದವನ ಗೊರಕೆ ಆಗಲೇ ಹತ್ತಿತ್ತು. ಮೆಟ್ಟಿಲ ಮೇಲೆ ಬಳೆಯ ಸದ್ದು ಕೇಳಿತು. ಅತ್ತಿ! ಒಂದು ದಿನವೂ ಮೇಲೆ ಹತ್ತದವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಕಡೀದು ಅಂತಲ್ಲ. ನೋಡೋಣು ಅಂತ ಬಂದೆ" ಎಂದು ಮಾಮಾನ ಎದುರಿನ ಕುರ್ಚಿಯಲ್ಲಿ ಕೂತಳು. ಇಷ್ಟು ದಿನ ತನ್ನ ಗಂಡ ಏನನ್ನು ಕೇಳಲು ಇಲ್ಲಿ ಬಂದು ಕೂಡುತ್ತಾನೆ ಎಂಬಂತೆ ಸುತ್ತ ನೋಡಿದಳು. ಖಾಲಿ ಕುರ್ಚಿಗಳನ್ನು ನೋಡಿದಳು. ಆಮೇಲೆ ಅವಳೂ ಸುಮ್ಮನಾದಳು.

ಎಷ್ಟು ಹೊತ್ತಾಯಿತೋ. ಮಾಮಾನ ಕುರ್ಚಿ ಕಿರ್ ಎಂದಿತು. ಮತ್ತೆ ಜೋಮು ಹಿಡಿದಿರಬೇಕು ಎಂದು ನಾನು ಕಣ್ಣು ತೆರೆದೆ. ಅವನು ಎದ್ದು ನಿಂತಿದ್ದ. ಮೊಣಕಾಲು ನಡುಗುತ್ತಿದ್ದವು, ಕೈ ನಡುಗುತ್ತಿತ್ತು, ಗದ್ದ ನಡುಗುತ್ತಿತ್ತು. ಹಿಡಿದುಕೊಳ್ಳಲು ಏಳಬೇಕೆಂದುಕೊಂಡೆ. ಏಳಲು ಆಗಲಿಲ್ಲ.

"ಗೌರಿ ನನಗ ಸುಮ್ಮನಿರು ಅಂದ್ಲು" ಎಂದ.

ಅತ್ತಿ ತಲೆ ಎತ್ತಿದಳು.

"ಕಾರಿನ್ಯಾಗ. ನಾ ಅಂ‌ಜಿಕಿಗೆ ಒಂದೇ ಸವನ ಮಾತಾಡಾಕತ್ತಿದ್ದೆ. ಹೊಳ್ಳಿ ನೋಡಾಕ ಬರ್ತಿರಲಿಲ್ಲ, ಗಾಡಿ ನನ್ನ ಕೈಯಾಗಿತ್ತು. ಕೂಸು ಕಣ್ಣು ಮುಚ್ಚಬಾರದಂತ ಮಾತಾಡೇ ಮಾತಾಡಿದೆ. 'ಸುಮ್ಮನಿರು, ಅಪ್ಪಾ' ಅಂದ್ಲು. ತಲಿ ನೋಯ್ತಿತ್ತೋ ಏನೋ. ನಾ ಸುಮ್ಮನಾಗ್ಲಿಲ್ಲ. ಆಕಿ ನನ್ನ ಕಡೆ ಕೇಳಿದ್ದು ಅದೊಂದ. ಅದನ್ನೂ ನಾ ಕೊಡ್ಲಿಲ್ಲ."

ಅಷ್ಟೇ. ಹೇಳಿ ನಿಂತೇ ಇದ್ದ. ಕೂಡುವುದು ಮರೆತಂತಿತ್ತು. ಗಿಣಿಗೇರಾದವನ ಕಣ್ಣು ಮುಚ್ಚಿಯೇ ಇತ್ತು, ಗೊರಕೆ ನಿಂತಿತ್ತು.

"ಯಾರಿಗಂದ್ಲು?" ಎಂದು ಅತ್ತಿ ಕೇಳಿದಳು. ಅವಳ ದನಿ ಗುರುತು ಸಿಗದಂತಾಗಿತ್ತು.

"ನನಗ."

"ನಿಮಗ್ಯಾಕ ಅಂತಾಳ್ರಿ? ನನಗಂದ್ಲು. ನಾ ಅಳಾಕತ್ತಿದ್ದೆ. ನನ್ನ ಬಾಯಿಮ್ಯಾಲೆ ಕೈ ಇಟ್ಟು, 'ಸುಮ್ಮನಿರು, ಅಪ್ಪಾ ಹೇಳೂದು ನನಗ ಕೇಳವಲ್ದು' ಅಂದ್ಲು."

ಮಾಮಾ ಅವಳನ್ನೇ ನೋಡಿದ. ಸುಮ್ಮನಿರು, ಅಪ್ಪಾ. ಇಂಜಿನ್ನಿನ ಸದ್ದಿನಲ್ಲಿ ಮುಂದಿನ ಸೀಟಿಗೆ ಬಂದದ್ದು ಅಷ್ಟೇ. ಉಳಿದ ಅರ್ಧ ಮಾತು ತಾಯಿಯ ಹತ್ತಿರ ಇಷ್ಟು ವರ್ಷ ಇತ್ತು, ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಂದೇ ಮನೆಯಲ್ಲಿ ಉಂಡರು, ಒಂದೇ ಮನೆಯಲ್ಲಿ ಮಲಗಿದರು.

"ಖರೇನ?" ಎಂದ.

"ಆಕಿ ಆಣಿ."

"ನಾ ಏನ್ ಹೇಳಾಕತ್ತಿದ್ದೆ ಆವಾಗ? ನನಗ ಒಂದೂ ನೆನಪಿಲ್ಲ."

"ನೀವು ಸಣ್ಣವರಿದ್ದಾಗ ಎಮ್ಮಿ ಬಾಲ ಹಿಡಕೊಂಡು ಹೊಳಿ ದಾಟಿದ ಕತಿ. ನಡು ನೀರಾಗ ಎಮ್ಮಿ ನಿಂತುಬಿಡ್ತು ಅನ್ನೂತನಕ ಬಂದಿತ್ತು."

"ಮುಂದ?"

"ಮುಂದಿಂದು ನನಗೇನ್ ಗೊತ್ತರಿ? ಅಷ್ಟರಾಗ ಆಕಿ ಹೋದ್ಲು, ನೀವು ಅಲ್ಲಿಗೇ ನಿಲ್ಲಿಸಿದ್ರಿ."

ಮಾಮಾ ನಿಧಾನವಾಗಿ ಕೂತ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ನಡು ನೀರಾಗ ಎಮ್ಮಿ ನಿಂತುಬಿಡ್ತು" ಎಂದು ಶುರುಮಾಡಿದ. ಅತ್ತಿ ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.